ಗಂಟಿಗೆ ಬಿಟ್ಟ ಜಾಗ

"ನಿನ್ನ ಕಣ್ಣಿಗೇನು ಸುಣ್ಣ ಬಿದ್ದಿದೆಯೇನೇ? ಇದನ್ನ ಒಗೆದಿರೋದು ಅಂತಾರಾ? ತಗೊಂಡು ಹೋಗಿ ನಿನ್ನ ಗಂಡನ್ನ ಮಲಗಿಸ್ಕೋ ಇದರ ಮೇಲೆ!"

ಗುತ್ತಿಗೆದಾರ ಎಸೆದ ಒದ್ದೆ ಚಾದರ ದೊಡ್ಡವಳ ಮುಖಕ್ಕೆ ಬಡಿದು ಭುಜದ ಮೇಲೆ ಜೋತುಬಿತ್ತು. ಅವಳು ಅದನ್ನು ತೆಗೆಯಲಿಲ್ಲ. ಮೂಲೆಯಲ್ಲಿ ಅಂಗೈಯಗಲದ ಹಳದಿ ಕಲೆಯೊಂದು ಉಳಿದಿತ್ತು. ಹೋಟೆಲಿನ ಯಾವನೋ ಗಿರಾಕಿ ಮಾಡಿದ್ದು. ಹೇಗೆ ಮಾಡಿದ ಅಂತ ಯೋಚಿಸುತ್ತಾ ಕೂತರೆ ಒಗೆಯುವವರಿಗೆ ಊಟ ಸೇರುವುದಿಲ್ಲ.

"ಸೋಡಾ ಸಾಲಲಿಲ್ಲ ಯಜಮಾನ್ರೇ. ಈ ಸಲ ನೀವು ಕಳಿಸಿದ್ದೇ..."

"ಬಾಯಿ ಮುಚ್ಚು. ಸೋಡಾ ಸಾಲದಿದ್ರೆ ತೋಳು ಹಾಕು. ಮೈಯಲ್ಲಿ ಮಾಂಸ ಇಲ್ವಾ?"

ಅಷ್ಟು ಹೇಳಿ ಅವನು ಪಕ್ಕದಲ್ಲಿ ನಿಂತಿದ್ದ ಚಿಕ್ಕವಳ ಕಡೆ ತಿರುಗಿದ. ತಿರುಗುವಷ್ಟರಲ್ಲಿ ಅವನ ಮುಖವೇ ಬದಲಾಗಿತ್ತು.

"ನೀನು ಗಂಟುಗಳ ಫೋಟೋ ತೆಗೆದು ಗ್ರೂಪಿಗೆ ಹಾಕಮ್ಮ. ಈ ಕೇರೀಲಿ ತಲೆ ಅಂತ ಇರೋದು ನಿನಗೊಬ್ಬಳಿಗೇ."

ಹಾಕಮ್ಮ ಅಂದ. ಹಾಕೇ ಅನ್ನಲಿಲ್ಲ. ಭುಜದ ಮೇಲಿನ ಚಾದರದಿಂದ ನೀರು ರವಿಕೆಯೊಳಕ್ಕೆ ಇಳಿಯುತ್ತಿದ್ದರೂ ದೊಡ್ಡವಳಿಗೆ ಚುಚ್ಚಿದ್ದು ಅದು.

ಚಿಕ್ಕವಳು ಅಂದರೆ ಅವಳ ಮೈದುನನ ಹೆಂಡತಿ. ಈ ಮನೆಗೆ ಬಂದಾಗ ಚಾದರ ಹಿಂಡಲಿಕ್ಕೂ ಬರುತ್ತಿರಲಿಲ್ಲ. ಚಾದರವನ್ನು ಒಬ್ಬರೇ ಹಿಂಡಲಾಗುವುದಿಲ್ಲ. ಇಬ್ಬರು ಎರಡು ತುದಿ ಹಿಡಿದು ಒಬ್ಬರು ಆ ಕಡೆ, ಒಬ್ಬರು ಈ ಕಡೆ ತಿರುಚಬೇಕು. ಮೊದಮೊದಲು ತುದಿ ಕೈಜಾರಿ ಬಚ್ಚಲ ಮಣ್ಣಿಗೆ ಬೀಳುತ್ತಿತ್ತು. ಬೈಗುಳ ದೊಡ್ಡವಳಿಗೆ ಬೀಳುತ್ತಿತ್ತು. ಸೋಡಾ ನೀರಿಗೆ ಬೆರಳ ಸಂದು ಬಿರಿಯದಂತೆ ಎಣ್ಣೆ ಹಚ್ಚಲು ಕಲಿಸಿದವಳು ದೊಡ್ಡವಳು. ಬಟ್ಟೆ ಬೇಯಿಸುವ ಉಬ್ಬೆ ಹಂಡೆಯ ಉರಿ ನೋಡಲು ಕಲಿಸಿದವಳೂ ಅವಳೇ. ಆಮೇಲೆ ಮೈದುನ ಹೆಂಡತಿಗೊಂದು ಫೋನು ತಂದುಕೊಟ್ಟ. ಅವಳು ಓದಿದವಳು, ಬೆರಳು ಚುರುಕು. ವರ್ಷ ತುಂಬುವುದರೊಳಗೆ ಕೇರಿಯವರು ಅವಳಿಗೆ ರೇಡಿಯೋ ಅಂತ ಹೆಸರಿಟ್ಟರು. ಆಸ್ಪತ್ರೆ ಯಾವತ್ತು ತೆರೆದಿರುತ್ತೆ, ರೇಡಿಯೋನ ಕೇಳು. ನಲ್ಲಿ ನೀರು ಯಾವಾಗ, ರೇಡಿಯೋನ ಕೇಳು. ಮುಂಚೆ ಇದನ್ನೆಲ್ಲ ದೊಡ್ಡಕ್ಕನ ಬಾಗಿಲಿಗೆ ಬಂದು ಕೇಳುತ್ತಿದ್ದರು. ಬಂದವರು ಕೂತು, ಅತ್ತು, ನಕ್ಕು, ಎದ್ದು ಹೋಗುತ್ತಿದ್ದರು. ಈಗ ಅದೇ ಬಾಗಿಲಿಗೇ ಬರುತ್ತಾರೆ, ಅವಳನ್ನು ದಾಟಿಕೊಂಡು ಒಳಗೆ ಹೋಗುತ್ತಾರೆ.

ಚಿಕ್ಕವಳ ಕೈಯಲ್ಲಿದ್ದ ಫೋನು ಟಿಣ್ ಅಂದಿತು. ಓದುತ್ತಿದ್ದಂತೆ ಅವಳ ಮುಖ ಸಣ್ಣಗಾಯಿತು.

"ಯಜಮಾನ್ರೇ, ಮೇಲೆ ಅಣೆಕಟ್ಟೆ ಬಾಗಿಲು ತೆಗೀತಾರಂತೆ. ಹೊಳೆ ಪಕ್ಕದೋರು ಮಧ್ಯಾಹ್ನದೊಳಗೆ ಮನೆ ಖಾಲಿ ಮಾಡಿ ಅಂತ ಬಂದಿದೆ."

"ಬರುತ್ತೆ, ಬರುತ್ತೆ. ಹೋದ ವರ್ಷವೂ ಬಂದಿತ್ತು, ಮಂಡಿವರೆಗೂ ನೀರು ಬರಲಿಲ್ಲ. ಹಂಡೇಲಿರೋದನ್ನ ಇಳಿಸಿ, ಒಣಗಿರೋದನ್ನ ಗಂಟು ಕಟ್ಟಿ, ಆಮೇಲೆ ಎಲ್ಲಿಗಾದ್ರೂ ಹೋಗಿ ಸಾಯಿರಿ. ಬಟ್ಟೆ ಬಿಟ್ಟು ಓಡಿದೋರ ಒಗೆಯೋ ಕಲ್ಲು ನಾಳೆ ಬೇರೆಯೋರಿಗೆ. ತಿಳೀತಾ?"

ಕೇರಿಯ ಮುದುಕರು ಮಕ್ಕಳೆಲ್ಲ ಹಿಂದಿನ ದಿನವೇ ದಿಬ್ಬದ ಶಾಲೆ ಸೇರಿದ್ದರು. ಮೈದುನ ಬಟ್ಟೆಯ ಲಾರಿಯೊಂದಿಗೆ ಪೇಟೆಗೆ ಹೋಗಿದ್ದ. ಉಳಿದವರು ಒಗೆಯುವವರು, ಇಸ್ತ್ರಿಯವರು, ಹಂಡೆ ಕಾಯುವವರು. ಕಲ್ಲು ಹೋದರೆ ಅನ್ನ ಹೋಗುತ್ತದೆ. ಯಾರೂ ಕದಲಲಿಲ್ಲ. ಗುತ್ತಿಗೆದಾರನ ಕಾರು ಮಾತ್ರ ಏರಿ ಹತ್ತಿ ಮೇಲಿನ ರಸ್ತೆ ಸೇರಿತು.

ಆಮೇಲೆ ಇಬ್ಬರೂ ಚಾದರ ಹಿಂಡಲು ನಿಂತರು. ದೊಡ್ಡವಳು ಅಗತ್ಯಕ್ಕಿಂತ ಹೆಚ್ಚು ತಿರುಚಿದಳು.

"ಅಕ್ಕಾ, ಮಣಿಕಟ್ಟು ಮುರೀತೀಯಾ?"

"ಫೋನು ಹಿಡಿಯೋ ಕೈ, ಪಾಪ. ಜೋಪಾನ ಮಾಡ್ಕೋ."

* * *

ನೀರು ಹೊಳೆಯ ಕಡೆಯಿಂದ ಬರಲಿಲ್ಲ. ಚರಂಡಿಯಿಂದ ಬಂತು. ಒಗೆಯುವ ಕಟ್ಟೆಯ ತೂಬಿನಲ್ಲಿ ಬುಳಬುಳ ಅಂತ ಕಪ್ಪಗೆ ಎದ್ದು, ನೋಡನೋಡುತ್ತ ಅಂಗಳಕ್ಕೆ ಹರಡಿತು. ದೊಡ್ಡವಳು ಕೈಲಿದ್ದ ಬಕೆಟ್ಟನ್ನೇ ಬಡಿಯುತ್ತಾ ಕೇರಿಯ ಉದ್ದಕ್ಕೂ ಓಡಿದಳು. "ಮೇಲೆ ಹತ್ತ್ರೋ! ಏಣಿ ಇಲ್ಲದೋರು ಇಸ್ತ್ರಿಯೋನ ಮನೆಗೆ ಹೋಗ್ರೋ!" ಕಿವಿ ಕೇಳದ ಹಂಡೆಯವನನ್ನು ಕಾಲರು ಹಿಡಿದು ಎಳೆದಳು. ಬಾಗಿಲು ಹಾಕಿಕೊಂಡು ಮಲಗಿದ್ದ ಜ್ವರದ ಹೆಂಗಸನ್ನು ಹೆಗಲಿಗೆ ಹಾಕಿಕೊಂಡು ಏಣಿ ಹತ್ತಿಸಿದಳು.

ಅಷ್ಟರಲ್ಲಿ ಗ್ರೂಪಿನಲ್ಲಿ ಗುತ್ತಿಗೆದಾರನ ದನಿ ಬಂದಿತ್ತು. "ಮೊದಲು ಗಂಟುಗಳನ್ನ ಮಾಳಿಗೆಗೆ ಸಾಗಿಸಿ. ಪ್ಲಾಸ್ಟಿಕ್ ಸುತ್ತಿ. ಒಂದು ಶೀಟು ನೆನೆದ್ರೂ ನಾನು ಸುಮ್ಮನಿರಲ್ಲ."

ದೊಡ್ಡವಳ ಗಂಡ ಗಂಟು ಹೊತ್ತು ಹಂಡೆಯ ಪಕ್ಕದಿಂದಲೇ ದಾಟುತ್ತಿದ್ದ. ಒಲೆಗೆ ನೀರು ನುಗ್ಗಿ ಭುಸ್ಸೆಂದು ಹೊಗೆ ಎದ್ದಿತು. ಒಲೆಯ ಕಲ್ಲು ಸಿಡಿದು ಹಂಡೆ ವಾಲಿತು. ಕುದಿಯುವ ಸೋಡಾ ನೀರು ಮಂಡಿಯಿಂದ ಕೆಳಗೆ ಅವನ ಎರಡೂ ಕಾಲನ್ನು ಸುರುಳಿ ಸುತ್ತಿದಂತೆ ಸುತ್ತಿತು. ಅವನು ಗಂಟನ್ನು ಮಾತ್ರ ಬಿಡಲಿಲ್ಲ. ತಲೆಯ ಮೇಲೆ ಅದು ಹಾಗೇ ಇತ್ತು. ಬಾಯಿ ತೆರೆದಿತ್ತು, ಕೂಗು ಬರಲಿಲ್ಲ.

ನಾಲ್ಕು ಜನ ಸೇರಿ ಅವನನ್ನು ಅವನ ಮನೆಯ ಮಾಳಿಗೆಗೆ ಎತ್ತಿ, ತಂತಮ್ಮ ಮಾಳಿಗೆಗೆ ಓಡಿದರು. ಚರ್ಮ ಪ್ಯಾಂಟಿನೊಂದಿಗೆ ಬರುತ್ತಿತ್ತು. ದೊಡ್ಡವಳು ಪ್ಯಾಂಟು ಬಿಚ್ಚುವುದನ್ನು ಅರ್ಧಕ್ಕೇ ನಿಲ್ಲಿಸಿದಳು.

* * *

ಮಧ್ಯಾಹ್ನದ ಹೊತ್ತಿಗೆ ಕೇರಿ ಅಂದರೆ ಬರೀ ಮಾಳಿಗೆಗಳು. ಮಧ್ಯದಲ್ಲಿ ಕಂದು ನೀರು, ಅದರಲ್ಲಿ ಸೋಪಿನ ಡಬ್ಬ, ಯಾರದೋ ಚಪ್ಪಲಿ, ಇಸ್ತ್ರಿ ಟೇಬಲ್ಲು. ಪ್ರತಿ ಮಾಳಿಗೆಯ ಮೇಲೂ ಪ್ಲಾಸ್ಟಿಕ್ ಸುತ್ತಿದ ಬಿಳಿ ಗಂಟುಗಳ ಗುಡ್ಡೆ. ಗುಡ್ಡೆಯ ಪಕ್ಕದಲ್ಲಿ ನೆನೆದ ಜನ.

ಎದುರು ಮಾಳಿಗೆಯಿಂದ ಇಸ್ತ್ರಿಯವನು ಕೂಗಿದ, "ರೇಡಿಯೋ! ನೀನು ಬೆಳಿಗ್ಗೆನೇ ಸುದ್ದಿ ಹೇಳಿದ್ದಕ್ಕೆ ಬದುಕಿದ್ವಿ ನೋಡು!"

ಬಕೆಟ್ಟು ಬಡಿದು ಬಡಿದು ದೊಡ್ಡವಳ ಅಂಗೈ ಇನ್ನೂ ಕೆಂಪಗಿತ್ತು. ಇವನ ಹೆಂಡತಿಯನ್ನು ರಟ್ಟೆ ಹಿಡಿದು ಏಣಿಗೆ ತಳ್ಳಿದ್ದು ಅದೇ ಕೈ. ಅವಳು ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡಳು.

ಗಂಡ ಹಲ್ಲು ಕಚ್ಚಿಕೊಂಡು ಗೋಡೆಗೆ ಒರಗಿದ್ದ. ತಲೆಯೆತ್ತಿದಾಗ ಅವನ ಕಣ್ಣು ಹೆಂಡತಿಯನ್ನು ಹುಡುಕಲಿಲ್ಲ.

"ಚಿಕ್ಕವಳೇ... ಫೋನು ಮಾಡೇ ತಾಯಿ. ಆಗ್ತಿಲ್ಲ ನಂಗೆ."

"ಮಾಡ್ತಿದೀನಿ ಭಾವ. ಇನ್ನೇನು, ಇನ್ನೇನು."

ತಾಯಿಯಂತೆ, ತಾಯಿ. ಹದಿನೆಂಟು ವರ್ಷ ಅವನ ಎಂಜಲು ತಟ್ಟೆ ತೊಳೆದವಳಿಗೆ ಒಂದು ದಿನವೂ ಆ ಮಾತು ಬಂದಿರಲಿಲ್ಲ.

ಚಿಕ್ಕವಳು ಮೂಲೆಗೆ ಹೋಗಿ ಫೋನಿಗೆ ಬಾಯಿಟ್ಟು ಮಾತಾಡಿದಳು. ಪೇಟೆಯವರು ನೆರೆಗೆ ಸಿಕ್ಕವರಿಗಾಗಿ ಹೊಸದೊಂದು ಗ್ರೂಪು ಮಾಡಿದ್ದರು, ಸಾವಿರಾರು ಜನ ಇದ್ದರಂತೆ. "ನಾವು ಒಗೆಯುವವರ ಕೇರಿಯವರು. ಮಾಳಿಗೆ ಮೇಲಿದೀವಿ. ನಮ್ಮ ಭಾವನ ಎರಡೂ ಕಾಲು ಬೆಂದುಹೋಗಿದೆ. ದಯವಿಟ್ಟು ಯಾರಾದ್ರೂ ದೋಣಿ ಕಳಿಸಿ." ಕೊನೆಗೆ ಅವಳ ದನಿ ನಡುಗಿತು. ಚೆನ್ನಾಗಿ ನಡುಗಿತು ಅಂದುಕೊಂಡಳು ದೊಡ್ಡವಳು. ನಮ್ಮ ಭಾವನಂತೆ. ಅವನಿಗೊಬ್ಬಳು ಹೆಂಡತಿ ಇದ್ದಾಳೆ, ಪಕ್ಕದಲ್ಲೇ ಕೂತು ಬೀಸಣಿಗೆ ಬೀಸುತ್ತಿದ್ದಾಳೆ ಅನ್ನುವುದು ಆ ಸಾವಿರ ಜನರಲ್ಲಿ ಯಾರಿಗೂ ಗೊತ್ತಾಗಲಿಲ್ಲ.

ಫೋನು ಟಿಣ್ ಟಿಣ್ ಅನ್ನತೊಡಗಿತು.

"ಏನಂತೆ?"

"ಎಲ್ಲ ಕೈ ಮುಗಿದಿದಾರೆ ಅಕ್ಕ."

"ಯಾರಿಗೆ?"

"ನಂಗೆ... ನಮಗೆ. ಅಳೋ ಬೊಂಬೆನೂ ಹಾಕಿದಾರೆ. ನನ್ನ ದನಿನ ಎಲ್ಲ ಕಡೆ ಕಳಿಸ್ತಿದಾರಂತೆ."

"ಕೈ ಮುಗಿಯೋಕೆ ನೀನೇನು ಗುಡೀಲಿ ಕೂತಿದೀಯಾ? ದೋಣಿ ಕೇಳೇ, ದೋಣಿ!"

"ಕೇಳ್ತಾನೇ ಇದೀನಲ್ಲ!"

"ಕೇಳಿದ್ದು ಗೊತ್ತು. ನಿನ್ನ ದನಿ ಊರೂರು ತಿರುಗ್ತಿದೆ, ನನ್ನ ಗಂಡ ಇಲ್ಲಿ ಕೊಳೀತಿದಾನೆ."

ಚಿಕ್ಕವಳು ಇನ್ನೊಂದು ಸಲ ಟಿಣ್ ಅಂದದ್ದನ್ನು ಓದಿ ಗಟ್ಟಿಯಾಗಿ ಕೇರಿಗೆಲ್ಲ ಕೇಳುವಂತೆ ಹೇಳಿದಳು. "ದೋಣಿ ಹೊರಟಿದೆಯಂತೆ! ಜನ ಸಿಕ್ಕಿಹಾಕ್ಕೊಂಡಿರೋ ಮನೆ ಮೇಲೆ ಬಿಳಿ ಬಟ್ಟೆ ಕಟ್ಟಬೇಕಂತೆ! ಬಿಳಿ ಕಂಡ ಕಡೆ ದೋಣಿ ಬರುತ್ತಂತೆ!"

ಮಾಳಿಗೆ ಮಾಳಿಗೆಯಲ್ಲಿ ಗಡಿಬಿಡಿ ಎದ್ದಿತು. ಎಲ್ಲರೂ ಮೈಮೇಲಿದ್ದದ್ದನ್ನು, ಮೂಟೆಯಲ್ಲಿದ್ದದ್ದನ್ನು ತಡಕಿದರು. ಒಗೆಯುವ ಕೇರಿಯಲ್ಲಿ ಬಿಳಿ ಬಟ್ಟೆ ಯಾರಿಗಿದೆ? ಹಂಡೆಯ ಮಸಿ, ಸೋಡಾ, ಕೆಸರು; ಇಲ್ಲಿ ಬಿಳಿ ಉಡುವವನು ಹುಚ್ಚ. ಒಬ್ಬಳು ಹಳದಿ ಲಂಗ ಕಟ್ಟಿದಳು. ಒಬ್ಬ ಚೌಕಳಿ ಲುಂಗಿ ಕಟ್ಟಿದ. ಇಸ್ತ್ರಿಯವನು ತನ್ನ ಬನಿಯನ್ನು ಬಿಚ್ಚಿ ಕೋಲಿಗೆ ಸಿಕ್ಕಿಸಿದ. ಅದು ಒಂದು ಕಾಲಕ್ಕೆ ಬಿಳಿಯಾಗಿತ್ತು ಅಂತ ಅವನ ಹೆಂಡತಿ ಆಣೆ ಮಾಡಿದಳು.

"ಅದನ್ನ ನೋಡಿದ್ರೆ ಇದ್ದ ದೋಣಿನೂ ಓಡಿಹೋಗುತ್ತೆ, ಮೂಗು ಮುಚ್ಕೊಂಡು," ಅಂತ ಪಕ್ಕದ ಮಾಳಿಗೆಯಿಂದ ಯಾರೋ ಅಂದರು. ಜನ ನಕ್ಕರು. ನಗುತ್ತಾ ಎಲ್ಲರೂ ಬಿಳಿ ಗಂಟುಗಳ ಗುಡ್ಡೆಗೇ ಒರಗಿ ಕೂತಿದ್ದರು. ಅದನ್ನು ಬಿಚ್ಚಬಹುದು ಅಂತ ಒಬ್ಬರಿಗೂ ಹೊಳೆಯಲಿಲ್ಲ. ಅದು ಬಟ್ಟೆಯಲ್ಲ, ಕೆಲಸ.

ದೋಣಿ ಬಂತು. ಕಿತ್ತಳೆ ಬಣ್ಣದ್ದು, ಮೋಟಾರಿನದು. ಕೇರಿಯ ಬಾಯಿಯವರೆಗೂ ಬಂದು, ಹಳದಿ ಲಂಗ, ಚೌಕಳಿ ಲುಂಗಿ, ಕಂದು ಬನಿಯನ್ನುಗಳನ್ನು ಒಗೆದು ಒಣಹಾಕಿದ ಬಟ್ಟೆ ಅಂದುಕೊಂಡಿತೋ ಏನೋ, ತಿರುಗಿ ಏರಿಯ ಬುಡದಲ್ಲಿದ್ದ ಫ್ಲ್ಯಾಟುಗಳ ದೊಡ್ಡ ಕಟ್ಟಡದ ಕಡೆ ಹೋಯಿತು. ಅಲ್ಲಿ ನೀರು ಕಾರು ನಿಲ್ಲಿಸುವ ಜಾಗದಲ್ಲಿ ಮಾತ್ರ ಇತ್ತು. ಆದರೆ ಬಾಲ್ಕನಿ ಬಾಲ್ಕನಿಯಲ್ಲಿ ಬಿಳಿ ಚಾದರ ಪಟಪಟ ಹಾರುತ್ತಿತ್ತು. ಮೂರನೇ ಮಹಡಿಯಲ್ಲಿ ಹಸಿರು ಅಂಚಿನದು. ಹೋದ ವಾರವಷ್ಟೇ ದೊಡ್ಡವಳು ಅದರ ಮೇಲಿನ ಕಾಫಿ ಕಲೆಯನ್ನು ಉಗುರು ಕೀಳುವಂತೆ ಉಜ್ಜಿ ತೆಗೆದಿದ್ದಳು. ಮೆಟ್ಟಿಲ ಬಳಿ ದೋಣಿ ನಿಂತಿತು. ಒಬ್ಬಾಕೆ ನಾಯಿಯನ್ನು ಎತ್ತಿಕೊಂಡು ಹತ್ತಿದಳು. ನಾಯಿಗೂ ಕಿತ್ತಳೆ ಜಾಕೆಟ್ಟು ತೊಡಿಸಿದರು.

"ನಾನು ಒಗೆದ ಶೀಟು," ಅಂದಳು ದೊಡ್ಡವಳು. "ನಾನು ಒಗೆದ ಶೀಟು ತೋರಿಸಿ ಅವರ ನಾಯಿ ದೋಣಿ ಹತ್ತುತ್ತೆ."

ಗಂಡನ ಕಡೆ ನೋಡಿದಳು. ಅವನ ತುಟಿ ಬೆಳ್ಳಗಾಗಿ, ಮೈ ನಡುಗಲು ಶುರುವಾಗಿತ್ತು. ಕಾಲಿನಿಂದ ನೀರು ಒಸರಿ ಸಿಮೆಂಟಿನ ಮೇಲೆ ಹರಿಯುತ್ತಿತ್ತು. ಅವಳು ಎದ್ದು ಮೇಲಿನ ಗಂಟಿನ ಪ್ಲಾಸ್ಟಿಕ್ಕನ್ನು ಹಲ್ಲಿನಿಂದ ಕಚ್ಚಿ ಹರಿದಳು.

"ಅಕ್ಕಾ! ಏನು ಮಾಡ್ತಿದೀಯ! ಯಜಮಾನ್ರ ಬಟ್ಟೆ!"

"ನಿನ್ನ ಯಜಮಾನ. ನನಗೆ ಅವನು ಬೋಳಿಮಗ."

"ಬೇಡ ಅಕ್ಕ, ನಿನ್ನ ಕಾಲು ಹಿಡೀತೀನಿ. ಗಂಟಿನ ಫೋಟೋ ಹಾಕಿರೋಳು ನಾನು. ಕೇಳೋದು ನನ್ನನ್ನ. ಕಲ್ಲು ಹೋಗುತ್ತೆ!"

"ಹೋಗ್ಲಿ! ನಿಂಗ್ಯಾಕೆ ಕಲ್ಲು? ಬೆರಳಾಡಿಸಿ ತಿನ್ನೋಳು ನೀನು!"

"ಹೌದೇ, ಬೆರಳಾಡಿಸ್ತೀನಿ! ನಿಂಗೆ ಬರಲ್ಲ ಅಂತ ತಾನೇ ಹೊಟ್ಟೆ ಉರಿ? ಈ ಫೋನು ಬಂದಾಗಿಂದ ನೀನು ನಂಗೆ ಮುಖ ಕೊಟ್ಟು ಒಂದು ಮಾತಾಡಿಲ್ಲ!"

"ಉರಿಯುತ್ತೆ! ಉರಿಯುತ್ತೆ ಕಣೇ! ಕಲಿಸಿದೋಳು ನಾನು, ಕೇರಿ ಕಾದೋಳು ನಾನು, ಹೆಸರು ನಿಂದು! ನನ್ನ ಗಂಡ ಸಾಯೋವಾಗ್ಲೂ ನಿನ್ನನ್ನೇ ಕರೀತಾನಲ್ಲೇ ರಂಡೆ!"

ಚಿಕ್ಕವಳು ಚಾದರದ ಒಂದು ತುದಿ ಹಿಡಿದಳು. ದೊಡ್ಡವಳು ಇನ್ನೊಂದು ತುದಿ ಬಿಡಲಿಲ್ಲ. ಇಬ್ಬರೂ ಹಿಂದೆ ಹಿಂದೆ ಹೋದರು. ವರ್ಷಗಟ್ಟಲೆ ಹಿಂಡಿದ ಕೈಗಳು, ಎರಡೂ ಗಟ್ಟಿ. ಚಾದರ ಇಬ್ಬರ ನಡುವೆ ಬಿಗಿಯಾಗಿ ಹರಡಿ, ಒಬ್ಬಳು ಎಳೆದಾಗ ಮೇಲೇರಿ, ಇನ್ನೊಬ್ಬಳು ಎಳೆದಾಗ ಕೆಳಗಿಳಿದು, ಮಾಳಿಗೆಯ ಅಗಲಕ್ಕೂ ಬೆಳ್ಳಗೆ ಬೀಸಿತು.

"ಬಿಡೇ!"

"ನೀನು ಬಿಡೇ!"

"ಬಿಡಬೇಡ್ರೇ!" ಇಸ್ತ್ರಿಯವನು ಎದುರು ಮಾಳಿಗೆಯಲ್ಲಿ ಎದ್ದು ನಿಂತು ಕುಣಿಯುತ್ತಿದ್ದ. "ಬಿಡಬೇಡ್ರೇ ತಾಯಂದಿರಾ! ಹಾಗೇ ಕಿತ್ತಾಡ್ರೇ! ದೋಣಿ ನೋಡ್ತಿದೆ! ದೋಣಿ ತಿರುಗ್ತಿದೆ!"

* * *

ದೋಣಿಯವರು ನಾಯಿಯನ್ನೂ ನಾಯಿಯ ಒಡತಿಯನ್ನೂ ಏರಿಯ ಮೇಲೆ ಇಳಿಸಿ ಬಂದರು. ಮೋಟಾರು ನಡೆಸುವವನೊಬ್ಬ, ಕಿತ್ತಳೆ ಜಾಕೆಟ್ಟಿನವನೊಬ್ಬ. ಜಾಕೆಟ್ಟಿನವನ ಎದೆಗೆ ಫೋನು ಕಟ್ಟಿತ್ತು. ಅದರಲ್ಲಿ ಎಲ್ಲವೂ ನಡೆಯುತ್ತಿದ್ದಂತೆಯೇ ಜನಕ್ಕೆ ಕಾಣುತ್ತದಂತೆ.

"ಆ ದನಿ ಕಳಿಸಿದೋರು ಯಾರು? ನೀವಾ? ಅಬ್ಬಾ, ನಿಮ್ಮನ್ನ ಹುಡುಕದ ಜಾಗ ಇಲ್ಲ ಮೇಡಂ. ಎಲ್ಲರೂ ಕೇಳ್ತಿದಾರೆ. ಒಂದು ಸಲ ಈ ಕಡೆ ನೋಡಿ."

ಈಗ ಮೇಡಂ. ದೊಡ್ಡವಳು ಗಂಡನ ಕಂಕುಳಿಗೆ ಕೈಕೊಟ್ಟು ಎತ್ತುತ್ತಿದ್ದಳು. ಇಬ್ಬರು ಗಂಡಸರೂ ಕೈಹಾಕಿ ಅವನನ್ನು ದೋಣಿಯ ತಳದಲ್ಲಿ ಮಲಗಿಸಿದರು. ಕಾಲು ಅಂಚಿಗೆ ತಗುಲಿದಾಗ ಅವನು ಮೊದಲ ಸಲ ಗಟ್ಟಿಯಾಗಿ ಅರಚಿದ.

ಅದೇ ಹೊತ್ತಿಗೆ ಚಿಕ್ಕವಳ ಫೋನು ಬಡಿದುಕೊಂಡಿತು. ಗುತ್ತಿಗೆದಾರನ ಮುಖ ಪರದೆ ತುಂಬ ಬಂತು.

"ದೋಣಿ ಬಂತಾ? ಡೀಸೆಲ್ಲು ನಾನೇ ಹಾಕಿಸಿರೋದು. ಕೇಳಿಲ್ಲಿ. ಹೋಟೆಲಲ್ಲಿ ನೆರೆಯಿಂದ ಬಂದೋರಿಗೆ ಜಾಗ ಕೊಟ್ಟಿದೀವಿ, ದೊಡ್ಡ ದೊಡ್ಡೋರು ಬಂದು ನೋಡ್ತಿದಾರೆ, ಹಾಸೋಕೆ ಶೀಟಿಲ್ಲ. ನಿನ್ನ ಭಾವ ಬರ್ಲಿ, ನೀನು ಬಾ, ಪತ್ರಿಕೆಯೋರು ನಿನ್ನ ಕಾಯ್ತಿದಾರೆ. ಉಳಿದ ಜಾಗಕ್ಕೆ ಗಂಟು ಹಾಕಿಸು."

"ಅಕ್ಕ ಇದಾಳೆ ಯಜಮಾನ್ರೇ. ಭಾವನ ಹೆಂಡತಿ."

"ಅವಳು ಮುಂದಿನ ದೋಣಿಗೆ ಬರ್ತಾಳೆ. ಗಂಟು ಕಾಯೋಕೆ ಒಬ್ರು ಬೇಡ್ವಾ ಅಲ್ಲಿ?"

ಜಾಕೆಟ್ಟಿನವನು ಆಗಲೇ ಎರಡು ಗಂಟು ದೋಣಿಗೆ ಎತ್ತಿಹಾಕಿದ್ದ. ಅವನಿಗೂ ಹಾಗೇ ಹೇಳಿ ಕಳಿಸಿದ್ದರು. ಮೂರನೆಯದನ್ನು ದೊಡ್ಡವಳ ಗಂಡನ ತಲೆಯ ಪಕ್ಕ, ಒಬ್ಬರು ಕೂರುವಷ್ಟು ಜಾಗದಲ್ಲಿ ಇಟ್ಟ.

ಚಿಕ್ಕವಳು ಫೋನು ಕೆಳಗಿಳಿಸಿದಳು. "ನಾನು ಬರಲ್ಲ. ಅಕ್ಕ ಹೋಗ್ಲಿ. ನಾನಿಲ್ಲೇ ಇರ್ತೀನಿ."

"ಏನು ದೊಡ್ಡ ಮನಸ್ಸು ಮೇಡಂ ನಿಮ್ದು," ಅಂದ ಜಾಕೆಟ್ಟಿನವನು. ಎದೆಯ ಮೇಲಿನ ಫೋನನ್ನು ಅವಳ ಕಡೆ ತಿರುಗಿಸಿದ. "ಇನ್ನೊಂದು ಸಲ ಹೇಳ್ತೀರಾ? ಗಾಳಿಗೆ ಸರಿಯಾಗಿ ಕೇಳಿಸ್ಲಿಲ್ಲ."

ದೊಡ್ಡವಳು ಮಾಳಿಗೆಯ ಅಂಚಿನಲ್ಲಿ ನಿಂತು ಇಬ್ಬರನ್ನೂ ನೋಡಿದಳು. ಚಿಕ್ಕವಳು ಹೋದರೆ ಪತ್ರಿಕೆಯಲ್ಲಿ ಮುಖ ಬರುತ್ತದೆ. ಇವಳು ಉಳಿದರೆ ಸಾವಿರ ಜನ ಇನ್ನೊಮ್ಮೆ ಕೈ ಮುಗಿಯುತ್ತಾರೆ. ಅಕ್ಕನಿಗಾಗಿ ಜಾಗ ಬಿಟ್ಟಳು, ನೀರಿನ ಮಧ್ಯೆ ಉಳಿದಳು ಅಂತ. ಸತ್ತುಹೋದರಂತೂ ಮುಗಿಯಿತು, ತಾನು ಬದುಕಿರುವವರೆಗೂ ಇವಳ ಫೋಟೋಗೆ ದೀಪ ಹಚ್ಚಬೇಕು.

"ನಿನ್ನ ಭಿಕ್ಷೆ ಯಾವಳಿಗೆ ಬೇಕೇ?" ಅಂದಳು.

ಅಂದವಳೇ ದೋಣಿಗೆ ಹಾರಿದಳು. ದೋಣಿ ವಾಲಿತು. ಗಂಡನ ತಲೆಯ ಪಕ್ಕದ ಗಂಟನ್ನು ಎರಡೂ ಕೈಯಿಂದ ಎತ್ತಿ ನೀರಿಗೆ ಎಸೆದಳು.

"ಏಯ್! ಏಯ್ ಅಮ್ಮಾ! ಏನಿದು!"

ಎರಡನೆಯದನ್ನು ಒದ್ದಳು. ಪ್ಲಾಸ್ಟಿಕ್ಕು ಹರಿದು ಚಾದರಗಳು ಒಂದೊಂದಾಗಿ ಬಿಚ್ಚಿಕೊಂಡು ಕಂದು ನೀರಿನ ಮೇಲೆ ಹರಡಿದವು. ಚಿಕ್ಕವಳ ಕೈಯ ಫೋನಿನಿಂದ ಗುತ್ತಿಗೆದಾರನ ದನಿ ಚೀರುತ್ತಿತ್ತು. "ಯಾರೇ ಅದು? ಯಾವ ಮುಂಡೇ ಅದು? ಫೋನು ಆ ಕಡೆ ತಿರುಗಿಸೇ!"

ತಿರುಗಿಸೇ ಅಂದ. ತಿರುಗಿಸಮ್ಮ ಅನ್ನಲಿಲ್ಲ. ಇಬ್ಬರಿಗೂ ಅದು ಕೇಳಿಸಿತು.

"ಈಗ ಬಾರೇ," ಅಂದಳು ದೊಡ್ಡವಳು. ಚಿಕ್ಕವಳು ಕದಲಲಿಲ್ಲ. ದೊಡ್ಡವಳು ಮಾಳಿಗೆಯ ಅಂಚಿಗೆ ಕೈಚಾಚಿ ಅವಳ ಜಡೆ ಹಿಡಿದು ಎಳೆದಳು. "ಬಾ ಅಂದ್ರೆ ಬಾ. ನಿನ್ನನ್ನ ಇಲ್ಲಿ ಬಿಟ್ಟು ಹೋಗಿ ದೇವರು ಮಾಡೋಕೆ ನಂಗೆ ಹುಚ್ಚಾ? ನನ್ನ ಕಣ್ಣೆದುರಿಗೇ ಇರ್ಬೇಕು ನೀನು. ಒಗೆಯೋದಾದ್ರೂ ಜೊತೆಗೇ, ಹಾಳಾಗೋದಾದ್ರೂ ಜೊತೆಗೇ."

"ನೋಯುತ್ತೆ ಅಕ್ಕಾ!"

"ನೋಯ್ಲಿ."

ಚಿಕ್ಕವಳು ದೋಣಿಗೆ ಬಿದ್ದಳು. ಎದ್ದು, ಜಡೆ ಬಿಡಿಸಿಕೊಂಡು, ಕೈಲಿದ್ದ ಫೋನಿನಲ್ಲಿ ಚೀರುತ್ತಿದ್ದ ಬಾಯನ್ನು ಒಂದು ಕ್ಷಣ ನೋಡಿದಳು. ಆಮೇಲೆ ಕೊನೆಗೆ ಉಳಿದಿದ್ದ ಗಂಟಿನ ಒಂದು ಕಿವಿ ಹಿಡಿದಳು. ಇನ್ನೊಂದು ಕಿವಿಯನ್ನು ದೊಡ್ಡವಳು ಹಿಡಿದಳು. ಅದು ಇಬ್ಬರ ಕೈಯಿಂದ ಹಗುರವಾಗಿ ನೀರಿಗೆ ಹೋಯಿತು.

ಖಾಲಿಯಾದ ಜಾಗದಲ್ಲಿ ಚಿಕ್ಕವಳು ಭಾವನ ತಲೆಯ ಬಳಿ ಕೂರಲು ಹೋದಳು. ದೊಡ್ಡವಳು ಮೊಣಕೈಯಿಂದ ತಿವಿದು ಅವರಿಬ್ಬರ ನಡುವೆ ಕೂತಳು.

"ಇನ್ನೂ ಮೂರು ಜನಕ್ಕೆ ಜಾಗ ಇದೆ," ಅಂದಳು ಮೋಟಾರಿನವನಿಗೆ. "ಎದುರುಗಡೆ ನಡಿ. ಅಲ್ಲಿ ಜ್ವರದೋಳು ಇದಾಳೆ, ಮೊದಲು ಅವಳು. ಇಸ್ತ್ರಿಯೋನು ಕೊನೆಗೆ, ಅವನಿಗೆ ಇನ್ನೂ ಕುಣಿಯೋ ಶಕ್ತಿ ಇದೆ."

ಮೋಟಾರಿನವನು ಜಾಕೆಟ್ಟಿನವನ ಮುಖ ನೋಡಿದ. ಜಾಕೆಟ್ಟಿನವನು ಎದೆಯ ಮೇಲಿನ ಫೋನನ್ನು ಅಂಗೈಯಿಂದ ಮುಚ್ಚಿಕೊಂಡಿದ್ದ.

"ನಾನೇನು ಹೇಳ್ಲಿ ಅಲ್ಲಿ? ಬಟ್ಟೆ ಇಲ್ಲದೆ ಬಂದ್ರೆ ನಾಳೆ ಡೀಸೆಲ್ಲು ಕೊಡಲ್ಲ ಅಂತಾರಮ್ಮ ಅವರು. ಇನ್ನೂ ಎಷ್ಟು ಕಡೆ ಹೋಗ್ಬೇಕು ನಾವು..." ಅವನ ದನಿ ನಿಜವಾಗಿಯೂ ಬೇಡುತ್ತಿತ್ತು. ಪ್ಲಾಸ್ಟಿಕ್ಕು ಹರಿಯದ ಗಂಟೊಂದು ಮುಳುಗದೆ ದೋಣಿಯ ಪಕ್ಕದಲ್ಲೇ ಉರುಳುತ್ತಿತ್ತು. ಅವನು ಮಂಡಿಯೂರಿ, ಅದನ್ನು ಹಿಡಿಯಲು ಕೈ ಚಾಚಿದ.

ದೊಡ್ಡವಳು ದೋಣಿಯ ತಳದಿಂದ ಹುಟ್ಟನ್ನು ತೆಗೆದುಕೊಂಡು ಎದ್ದು ನಿಂತಳು. ಒದ್ದೆ ಬಟ್ಟೆಯನ್ನು ಕಲ್ಲಿಗೆ ಬಡಿಯುವ ಮುನ್ನ ಎತ್ತುವ ಎತ್ತರಕ್ಕೆ ಅದನ್ನು ಎತ್ತಿದಳು.

"ಮುಟ್ಟು ನೋಡೋಣ," ಅಂದಳು.